ಕಲ್ಲಿನಲ್ಲಿ ಹೆಸರು ಹುಡುಕಿದ ರೈಸ್

ನನಗೊಂದು ಹುಚ್ಚಿದೆ. ಹೆಸರಿನ ಹುಚ್ಚು. ಮದುವೆ ಪತ್ರಿಕೆ, ಮತದಾರರ ಪಟ್ಟಿ, ಬಸ್ಸಿನ ಬೋರ್ಡು, ಎಲ್ಲಿ ಹೆಸರು ಕಂಡರೂ ನಿಂತು ಪೂರ್ತಿ ಓದಿಯೇ ಮುಂದೆ ಹೋಗುವುದು. ಹೈಸ್ಕೂಲಿನಲ್ಲಿ ನಮ್ಮ ತರಗತಿಯ ಹಾಜರಿ ಪಟ್ಟಿ ಮೇಷ್ಟ್ರಿಗಿಂತ ಮೊದಲು ನನಗೆ ಬಾಯಿಪಾಠವಾಗಿತ್ತು. ಇಂಥವನಿಗೆ ಊರಿಗಾಂ ಒಳ್ಳೆಯ ಜಾಗ. ಸುತ್ತ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಕೋರಮಂಡಲ್. ಇಲ್ಲಿನ ಒಂದು ಗಣಿಗೆ ನಂದಿದುರ್ಗದ ಹೆಸರು, ಇನ್ನೊಂದಕ್ಕೆ ಮೈಸೂರಿನ ಹೆಸರು. 1802ರಲ್ಲಿ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ವಾರನ್ ಎಂಬಾತ ನಮ್ಮ ಊರನ್ನು ವುರಿಗಾಂ ಎಂದು ಬರೆದುಕೊಂಡ. ಗಣಿಯವರು ಬಂದು ಊರ್ಗಾಂ ಮಾಡಿದರು. ಊರೂ ಊರೇ, ಗಾಂವೂ ಊರೇ, ಹಾಗಾದರೆ ನಮ್ಮದು ಊರೂರೇ ಎಂದು ನಾನು ಗೆಳೆಯರಿಗೆ ತಮಾಷೆ ಮಾಡುವುದುಂಟು. ಅದು ತಮಾಷೆ ಮಾತ್ರ, ಸಂಶೋಧನೆಯಲ್ಲ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಗೆಳೆಯನೊಬ್ಬ ಮೊಬೈಲ್ ಗೇಮ್ ಮಾಡಲು ಹೊರಟ. ಕಲ್ಪನೆಯ ರಾಜ್ಯ, ಕಲ್ಪನೆಯ ಅರಸರು, ಕಾಡು, ಕೋಟೆ. ಪಾತ್ರಗಳಿಗೆ ಐನೂರು ಹೆಸರು ಬೇಕು ಎಂದ. ಇಂಗ್ಲಿಷ್ ಆಟಗಳ ಹೆಸರು ಬೇಡ, ನಮ್ಮ ನೆಲದ ಹೆಸರಿನಂತೆ ಕೇಳಬೇಕು, ಆದರೆ ಯಾರ ಹೆಸರೂ ಆಗಿರಬಾರದು. ನಾನು ಒಪ್ಪಿಕೊಂಡು ಪೈಥಾನಿನಲ್ಲಿ ಹೆಸರು ಹುಟ್ಟಿಸುವ ಪ್ರೋಗ್ರಾಂ ಬರೆಯಲು ಕೂತೆ. ಇದಕ್ಕೆ ಎಲ್ಲರೂ ಬಳಸುವ ಉಪಾಯ ಮಾರ್ಕೋವ್ ಸರಪಳಿ. ಆಂದ್ರೇ ಮಾರ್ಕೋವ್ ರಷ್ಯಾದ ಗಣಿತಜ್ಞ. 1913ರಲ್ಲಿ ಆತ ಪುಷ್ಕಿನ್ ಕಾವ್ಯವೊಂದರ 20,000 ಅಕ್ಷರಗಳನ್ನು ಕೈಯಲ್ಲೇ ಎಣಿಸಿ, ಸ್ವರದ ನಂತರ ಸ್ವರ ಬರುವುದೆಷ್ಟು, ವ್ಯಂಜನ ಬರುವುದೆಷ್ಟು ಎಂದು ಲೆಕ್ಕ ತೆಗೆದ. ನಾವು ಮಾಡುವುದೂ ಅದೇ. ಒಂದು ಅಕ್ಷರದ ಪಕ್ಕ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಯಂತ್ರಕ್ಕೆ ಕಲಿಸಿ, ಆಮೇಲೆ ಅದನ್ನೇ ದಾಳ ಉರುಳಿಸಲು ಬಿಡುವುದು. ಕನ್ನಡದಲ್ಲಿ ಒಂದು ತೊಡಕಿದೆ. ಕಂಪ್ಯೂಟರ್‌ಗೆ 'ಬ್ಬೆ' ಒಂದು ಅಕ್ಷರವಲ್ಲ. ಬ, ವಿರಾಮ, ಬ, ಎತ್ವ ಎಂದು ನಾಲ್ಕು ಚೂರು. ಹಾಗೇ ಬಿಟ್ಟರೆ ಅದು ಕೊಂಬಿನ ಮೇಲೆ ಕೊಂಬು ಕೂರಿಸಿ ಓದಲಾಗದ್ದನ್ನು ಕಕ್ಕುತ್ತದೆ. ಮೊದಲು ಅಕ್ಷರಗಳನ್ನು ಇಡಿಯಾಗಿ ಬಿಡಿಸಬೇಕು. ಅದಕ್ಕೇ ನನಗೆ ಮೂರು ದಿನ ಹಿಡಿಯಿತು.

ಯಂತ್ರಕ್ಕೆ ಉಣ್ಣಿಸಲು ಹೆಸರು ಬೇಕಲ್ಲ? ಮತದಾರರ ಪಟ್ಟಿ ಹಾಕಿದರೆ ಮಂಜುನಾಥ, ವೆಂಕಟೇಶಗಳ ಮರಿಗಳೇ ಬಂದವು. ಹಳೆಯ ಹೆಸರು ಬೇಕೆಂದರೆ ರೈಸ್ ಪುಸ್ತಕ ನೋಡು ಎಂದರು ನನಗೆ ಕನ್ನಡ ಕಲಿಸಿದ ಮೇಷ್ಟ್ರು. 'ಎಪಿಗ್ರಾಫಿಯ ಕರ್ನಾಟಿಕ' ಹತ್ತನೇ ಸಂಪುಟ, ಕೋಲಾರ ಜಿಲ್ಲೆಯ ಶಾಸನಗಳು, 1905. ಸ್ಕ್ಯಾನ್ ಮಾಡಿದ ಪ್ರತಿ ಸಿಕ್ಕಿತು. ತಾಲ್ಲೂಕುವಾರು ಜೋಡಿಸಿದ ಪುಸ್ತಕ. ನಮ್ಮ ತಾಲ್ಲೂಕಿನ ಕಲ್ಲುಗಳಿಗೆಲ್ಲ ಬಿ.ಪಿ. ಎಂಬ ಗುರುತು ಹಾಕಿ ನಂಬರ್ ಕೊಟ್ಟಿದ್ದರು. ಬಿ.ಪಿ. ಅಂದರೆ ಬೌರಿಂಗ್‌ಪೇಟೆ, ಇಂದಿನ ಬಂಗಾರಪೇಟೆ. ಹೆಸರು ಕದಿಯಲು ಹೋದವನು ಆ ರಜೆಯ ಉಳಿದ ದಿನಗಳನ್ನು ಅವುಗಳನ್ನು ಕೂಡಿಸಿದ ಮನುಷ್ಯನ ಕಥೆ ಓದುವುದರಲ್ಲೇ ಕಳೆದೆ.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲೇ. ತಂದೆಯ ಹೆಸರೂ ಬೆಂಜಮಿನ್ ರೈಸ್. ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಚೆನ್ನಾಗಿ ಬಲ್ಲವರು. ಅವೆನ್ಯೂ ರಸ್ತೆಯ ಜನಜಂಗುಳಿಯ ನಡುವೆ ಇರುವ ರೈಸ್ ಸ್ಮಾರಕ ಚರ್ಚ್ ಆ ತಂದೆಯ ಹೆಸರಿನದು, ಮಗನದಲ್ಲ. ಬೆಂಗಳೂರಿಗೆ ಹೋದಾಗ ನಾನು ಅದರ ಮುಂದೆ ಎಷ್ಟೋ ಸಲ ಹಾದಿದ್ದೇನೆ, ರೈಸ್ ಅಂದರೆ ಅಕ್ಕಿ ಎಂದುಕೊಂಡೇ. ಹುಡುಗ ಓದಿದ್ದು ಇಂಗ್ಲೆಂಡಿನಲ್ಲಿ. 1860ರಲ್ಲಿ, ಇಪ್ಪತ್ಮೂರರ ಆಸುಪಾಸಿನಲ್ಲಿ, ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜ್ ಆಯಿತು.

1865ರಲ್ಲಿ ರೈಸ್ ಶಾಲಾ ಇನ್‌ಸ್ಪೆಕ್ಟರ್ ಆದರು. ಆಮೇಲೆ ವಿದ್ಯಾ ಇಲಾಖೆಗೇ ಮುಖ್ಯಸ್ಥರು. ಹೋಬಳಿಗೊಂದು ಕನ್ನಡ ಶಾಲೆ ಇರಬೇಕು ಎಂಬ 1868ರ ಯೋಜನೆ ಅವರದು. ಇನ್‌ಸ್ಪೆಕ್ಟರ್ ಕೆಲಸವೆಂದರೆ ತಿರುಗಾಟ. ಕುದುರೆ ಏರಿ ಹಳ್ಳಿಯಿಂದ ಹಳ್ಳಿಗೆ ಹೋಗಬೇಕು, ಮಕ್ಕಳು ಮಗ್ಗಿ ಒಪ್ಪಿಸುವುದನ್ನು ಕೇಳಬೇಕು, ವರದಿ ಬರೆಯಬೇಕು. ಹಾಗೆ ಹೋದ ಹಳ್ಳಿಗಳಲ್ಲೆಲ್ಲ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು. ಕನ್ನಡ ಬಲ್ಲ ಊರಿನವರಿಗೂ ಅದು ಓದಲು ಬಾರದ ಕನ್ನಡ. ಎಷ್ಟೋ ಕಲ್ಲುಗಳು ಬಟ್ಟೆ ಒಗೆಯಲು, ಮೆಟ್ಟಿಲಾಗಲು ಹೋಗಿದ್ದವು.

ಇಲ್ಲಿ ನಮ್ಮ ಬೌರಿಂಗ್ ಬರುತ್ತಾರೆ. ಲೆವಿನ್ ಬೌರಿಂಗ್ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್. ಆಗ ಮೈಸೂರನ್ನು ಬ್ರಿಟಿಷರೇ ಆಳುತ್ತಿದ್ದರು. ಬೌರಿಂಗ್ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ರಾಜ್ಯದ ಶಾಸನಗಳ ಫೋಟೊ ತೆಗೆದಿದ್ದರು. ಆ ಫೋಟೊಗಳನ್ನು ಓದಿ ಅನುವಾದ ಮಾಡಿಕೊಡಲು ಬೌರಿಂಗ್ ಆರಿಸಿದ್ದು ರೈಸ್ ಅವರನ್ನು. ಫೋಟೊದಲ್ಲಿ ಅರ್ಧ ಮಸುಕು, ಅರ್ಧ ನೆರಳು. ಹಳಗನ್ನಡಕ್ಕೆ ಆಗ ಒಳ್ಳೆಯ ನಿಘಂಟೂ ಇಲ್ಲ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಪಂಡಿತರ ಜೊತೆ ಕೂತು ಅಕ್ಷರ ಅಕ್ಷರ ಬಿಡಿಸುತ್ತ ಹೋದರು. 1879ರಲ್ಲಿ ಅದೆಲ್ಲ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಪುಸ್ತಕವಾಯಿತು. ಬೌರಿಂಗ್ ಹೆಸರು ನಮ್ಮ ಪೇಟೆಗೆ ಹತ್ತಿತು, ಕಾಲಕ್ರಮದಲ್ಲಿ ಉದುರಿ ಬಂಗಾರಪೇಟೆಯಾಯಿತು. ಚಿನ್ನದ ಗಣಿಗೆ ರೈಲು ಬದಲಿಸುವ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ನನ್ನ ಯಂತ್ರ ಸಾವಿರ ಸಲ ಓಡಿದರೂ ಕೊಡಲಾರದು. ಆದರೆ ರೈಸ್ ಸಂಪುಟದಲ್ಲಿ ನಮ್ಮ ಕಲ್ಲುಗಳ ಮೇಲೆ ಆ ಬಿ.ಪಿ. ಹಾಗೇ ಉಳಿದಿದೆ. ಅವರಿಗೆ ಮೊದಲ ಶಾಸನಗಳನ್ನು ಕೊಟ್ಟವರ ಹೆಸರು ಅದು.

ಇದರ ನಡುವೆಯೇ ಮೈಸೂರು ಗೆಜೆಟಿಯರ್ ಬರೆದರು. 1877ರ ಹೊತ್ತಿಗೆ ಮೊದಲ ಆವೃತ್ತಿ, 1897ರಲ್ಲಿ ತಿದ್ದಿದ್ದು. ಮಳೆ, ಬೆಳೆ, ಜಾತಿ, ಜಾನುವಾರು ಎಲ್ಲ ಇರುವ ದಪ್ಪ ಪುಸ್ತಕ. ನನ್ನಂಥವನಿಗೆ ಅದರಲ್ಲಿ ರುಚಿಸುವುದು ಊರುಗಳ ಹಳೆಯ ಹೆಸರು. ಕೋಲಾರ ಕುವಲಾಲವಾಗಿತ್ತು. ಮುಳಬಾಗಿಲು ಮೂಡಲ ಬಾಗಿಲು. ಕೆಜಿಎಫ್‌ಗೆ ನೀರು ಕೊಟ್ಟ ಬೇತಮಂಗಲ ಒಂದು ಕಾಲದಲ್ಲಿ ವಿಜಯಾದಿತ್ಯಮಂಗಲ, ಬಾಣರ ಅರಸನ ಹೆಸರಿನದು. ಏಳೆಂಟು ಅಕ್ಷರದ ಹೆಸರು ಸಾವಿರ ವರ್ಷ ಜನರ ಬಾಯಲ್ಲಿ ಸವೆದು ಐದಾಗುವುದನ್ನು ನೋಡಿದರೆ, ನದಿಯ ಗುಂಡುಕಲ್ಲು ನೆನಪಾಗುತ್ತದೆ.

1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು. 1885ರಲ್ಲಿ ಮೈಸೂರು ಸರ್ಕಾರ ಪುರಾತತ್ವ ಇಲಾಖೆ ತೆರೆದಾಗ ರೈಸ್ ಅದರ ಮೊದಲ ಮುಖ್ಯಸ್ಥರು. ಮೊದಲು ಇತರ ಕೆಲಸದ ಜೊತೆಗೆ, 1890ರಿಂದ ಪೂರ್ಣಾವಧಿ. ಕೆಲಸದ ಕ್ರಮ ಹೀಗಿತ್ತು: ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಂಡಿಗೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿ ಹಚ್ಚುವುದು. ಕಾಗದ ಎತ್ತಿದರೆ ಕಪ್ಪಿನ ಮೇಲೆ ಬಿಳಿ ಅಕ್ಷರ. ತಾಲ್ಲೂಕು ತಾಲ್ಲೂಕಾಗಿ ಅವರೂ ಅವರ ಪಂಡಿತರೂ ಇಡೀ ರಾಜ್ಯ ಸುತ್ತಿದರು. 1886ರ ಕೊಡಗಿನ ಸಂಪುಟದಿಂದ 1905ರವರೆಗೆ ಹನ್ನೆರಡು ಸಂಪುಟ, ಸುಮಾರು 9,000 ಶಾಸನ. ಪ್ರತಿಯೊಂದನ್ನೂ ಮೂರು ಸಲ ಅಚ್ಚು ಮಾಡಿದರು: ಮೂಲ ಪಾಠ, ರೋಮನ್ ಅಕ್ಷರದಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಈ ಮೂರರ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಆ ಪುಟಗಳಲ್ಲಿ ಎಂಥೆಂಥ ಹೆಸರುಗಳು! ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಕಲ್ಲಿನಲ್ಲಿ ದೇಕಬ್ಬೆ. ಗಂಡ ಏಚನನ್ನು ಚೋಳ ಅರಸ ಕೊಲ್ಲಿಸಿದಾಗ, ಹೆತ್ತವರು ಬೇಡವೆಂದು ಗೋಗರೆದರೂ ಕೇಳದೆ ಬೆಂಕಿಗೆ ಬಿದ್ದವಳು. ಕಲ್ಲು ನಿಲ್ಲಿಸಿದವನು ತಂದೆ ರವಿಗ. ಶಿಕಾರಿಪುರ ಸೀಮೆಯ ಹತ್ತನೇ ಶತಮಾನದ ಕಲ್ಲಿನಲ್ಲಿ ಜಕ್ಕಿಯಬ್ಬೆ. ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತವನ್ನು ತಾನೇ ನಡೆಸಿ, ಕಾಯಿಲೆ ಬಂದಾಗ ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಉಪವಾಸವಿದ್ದು ತೀರಿಕೊಂಡವಳು. ಮದ್ದೂರು ಸೀಮೆಯ ಆತಕೂರಿನ ಕಲ್ಲಿನಲ್ಲಿ ಕಾಳಿ. ಕಾಳಿ ಒಂದು ನಾಯಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗ ಬೂತುಗ ಏನು ಬೇಕು ಕೇಳು ಎಂದನಂತೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಆತ ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಆಮೇಲೆ ಒಂದು ದಿನ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೊಂದು ಕಲ್ಲು ನಿಂತಿತು, ಪೂಜೆಗೆ ಭೂಮಿಯೂ ಸಿಕ್ಕಿತು. ಅದು ಕ್ರಿ.ಶ. 949ರ ಹೊತ್ತಿನ ಮಾತು. ನಮ್ಮ ಮುತ್ತಜ್ಜನ ಅಪ್ಪನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ಗೊತ್ತಿದೆ.

1892ರಲ್ಲಿ ರೈಸ್ ತಂಡಕ್ಕೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳಲ್ಲಿ ದೊಡ್ಡ ನಿಧಿ ಸಿಕ್ಕಿತು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಮೂರು ಕಡೆ ಅಶೋಕನ ಶಾಸನ. ಅಶೋಕನ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತೆಂದು ಅಲ್ಲಿಯವರೆಗೆ ಯಾರಿಗೂ ಖಚಿತವಿರಲಿಲ್ಲ. ಚರಿತ್ರೆ ಪುಸ್ತಕದಲ್ಲಿ ಇದು ಬರುತ್ತದೆ. ಅಲ್ಲಿ ಬರದ ಒಂದು ಸಂಗತಿ ನನಗೆ ಇಷ್ಟ. ಶಾಸನದ ಕೊನೆಗೆ ಬರೆದವನು ತನ್ನ ಹೆಸರು ಹಾಕಿಕೊಂಡಿದ್ದಾನೆ: ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಪದವನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಈ ಕಲ್ಲುಗಾಡಿನಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದರೋ! ಆಜ್ಞೆ ಬಂದದ್ದು ಸುವರ್ಣಗಿರಿ ಎಂಬ ಊರಿನಿಂದ, ತಲುಪಿದ್ದು ಇಸಿಲ ಎಂಬ ಊರಿಗೆ. ಸುವರ್ಣಗಿರಿ ಅಂದಾಗ ಕೆಜಿಎಫ್ ಹುಡುಗನ ಕಿವಿ ನಿಮಿರುವುದು ಸಹಜ. ಆದರೆ ವಿದ್ವಾಂಸರು ಅದನ್ನು ಹುಡುಕುವುದು ರಾಯಚೂರು ಕೊಪ್ಪಳದ ಕಡೆ.

ಈಗ ಜಗಳದ ವಿಷಯ. ಬೊಂಬಾಯಿ ಪ್ರಾಂತ್ಯದಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇನ್ನೊಬ್ಬ ಶಾಸನ ಪಂಡಿತರಿದ್ದರು. ಕನ್ನಡ ನಾಡಿನ ರಾಜವಂಶಗಳ ಬಗ್ಗೆ ಪುಸ್ತಕ ಬರೆದವರು, ಲೆಕ್ಕದಲ್ಲಿ ಬಹಳ ಬಿಗಿ. ರೈಸ್ ತಲಕಾಡಿನ ಗಂಗರ ತಾಮ್ರಪಟಗಳನ್ನು ಒಂದೊಂದಾಗಿ ಪ್ರಕಟಿಸಿ, ಕೊಂಗುಣಿವರ್ಮ, ಮಾಧವ, ಹರಿವರ್ಮ, ವಿಷ್ಣುಗೋಪ, ಅವಿನೀತ, ದುರ್ವಿನೀತ ಎಂದು ವಂಶಾವಳಿ ಕಟ್ಟಿದರು. ಕುವಲಾಲಪುರದ ಒಡೆಯರು ಎಂದು ಹೇಳಿಕೊಂಡ ವಂಶವಿದು, ಅಂದರೆ ನಮ್ಮ ಕೋಲಾರದವರು. ಫ್ಲೀಟ್ ಅದನ್ನು ಒಪ್ಪಲಿಲ್ಲ. ಲಿಪಿ ಒಂದು ಕಾಲದ್ದು, ಹೇಳುವ ತೇದಿ ಇನ್ನೊಂದು ಕಾಲದ್ದು. ಜಮೀನಿನ ಹಕ್ಕು ಹಳೆಯದೆಂದು ತೋರಿಸಲು ಮುಂದಿನವರು ಹೊಸೆದ ಸುಳ್ಳು ಪಟಗಳಿವು ಎಂದು ವಾದಿಸಿದರು. ಇಂಥದ್ದಕ್ಕೆ ಕನ್ನಡದಲ್ಲಿ ಕೂಟಶಾಸನ ಎಂಬ ಮಾತೇ ಇದೆ.

ಇದನ್ನು ಓದುವಾಗ ನಾನು ನಡುರಾತ್ರಿ ಎದ್ದು ಕೂತೆ. ಕೂಟಶಾಸನ ಬರೆದವನು ಮಾಡಿದ್ದೇನು? ಹಳೆಯ ಹೆಸರುಗಳ ರೀತಿ ಕಲಿತು, ಅದೇ ಲಯದಲ್ಲಿ ಒಂದು ಸಾಲು ಅರಸರನ್ನು ಜೋಡಿಸಿ, ತಾಮ್ರದ ಮೇಲೆ ಕೆತ್ತಿದ. ನನ್ನ ಪ್ರೋಗ್ರಾಂ ಮಾಡುವುದೂ ಅದೇ. ಆತನ ಹೆಸರುಗಳ ಹಿಂದೆ ಜಮೀನಿತ್ತು, ನನ್ನದರ ಹಿಂದೆ ಗೇಮ್ ಇದೆ, ಅಷ್ಟೇ ವ್ಯತ್ಯಾಸ. ಫ್ಲೀಟ್ ಅವರಿಗೆ ಹೆಸರು ಅಂದರೆ ಸಾಕ್ಷಿ ಕೇಳಿಯೇ ಒಳಗೆ ಬಿಡಬೇಕಾದ ಅಪರಿಚಿತ. ರೈಸ್ ಅವರಿಗೆ ಬಾಗಿಲಿಗೆ ಬಂದ ನೆಂಟ. ಮೊದಲು ಕೂರಿಸುವುದು, ಆಮೇಲೆ ವಿಚಾರಿಸುವುದು. ರೈಸ್ ಕೆಲವು ಕಡೆ ಅತಿ ಸುಲಭವಾಗಿ ನಂಬಿದರು ಎಂದೇ ನನಗೂ ಅನಿಸುತ್ತದೆ. ಅವಿನೀತನ ಮಡಿಕೇರಿ ತಾಮ್ರಪಟವನ್ನು ಇಂದಿಗೂ ಹಲವು ವಿದ್ವಾಂಸರು ಕೂಟಶಾಸನ ಎನ್ನುತ್ತಾರೆ. ಆದರೆ ಆ ಮೂರು ಅಚ್ಚು ನೆನಪಿದೆಯೇ? ತಮ್ಮ ಅನುವಾದವನ್ನಷ್ಟೇ ಕೊಟ್ಟು ನಂಬಿ ಎನ್ನಬಹುದಾಗಿದ್ದ ಮನುಷ್ಯ, ಮೂಲ ಅಕ್ಷರವನ್ನೂ ಪಕ್ಕದಲ್ಲೇ ಇಟ್ಟರು. ತಮ್ಮನ್ನು ತಪ್ಪು ಎಂದು ತೋರಿಸಲು ಬೇಕಾದ ಸಾಮಗ್ರಿಯನ್ನು ತಾವೇ ಬಡಿಸಿಟ್ಟರು. ಮೈಸೂರು ವಿಶ್ವವಿದ್ಯಾಲಯ 1972ರಿಂದ ಆ ಸಂಪುಟಗಳನ್ನು ಪರಿಷ್ಕರಿಸಿ ಹೊರತರಲು ತೊಡಗಿದ್ದು ಅದೇ ಅಡಿಪಾಯದ ಮೇಲೆ.

ಹಳೆಯ ಕಾವ್ಯಗಳನ್ನು ಅಚ್ಚಿಗೆ ತರುವ ಮಾಲೆಯನ್ನೂ ರೈಸ್ ನಡೆಸಿದರು. 1898ರಲ್ಲಿ ಅದರಲ್ಲಿ ಪಂಪಭಾರತ ಬಂತು, ಕೆ.ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಬಂತು. ಕವಿರಾಜಮಾರ್ಗದಲ್ಲಿ ಹಿಂದಿನ ಕನ್ನಡ ಗದ್ಯ ಬರೆದವರ ಪಟ್ಟಿಯಿದೆ: ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಅವರು ಕನ್ನಡದಲ್ಲಿ ಬರೆದ ಒಂದು ಪುಸ್ತಕವೂ ನಮಗೆ ಉಳಿದಿಲ್ಲ. ಹೆಸರು ಮಾತ್ರ. ಈ ದುರ್ವಿನೀತ ಗಂಗರ ದುರ್ವಿನೀತನೇ ಎಂದು ಅನೇಕರ ನಂಬಿಕೆ. ಮಗನಿಗೆ ಕೆಟ್ಟ ನಡತೆಯವನು ಎಂಬರ್ಥದ ಹೆಸರಿಟ್ಟವನ ಹೆಸರು ಅವಿನೀತ, ಅಂದರೆ ವಿನಯವಿಲ್ಲದವನು. ಅಪ್ಪನಿಗೆ ತಕ್ಕ ಮಗ ಎನ್ನೋಣ. ನನ್ನ ಯಂತ್ರ ಇಂಥ ಹೆಸರು ಕೊಟ್ಟಿದ್ದರೆ ಯಾರಿಟ್ಟಾರು ಎಂದು ಅಳಿಸಿಬಿಡುತ್ತಿದ್ದೆ.

1906ರಲ್ಲಿ ರೈಸ್ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಆರ್. ನರಸಿಂಹಾಚಾರ್ಯರು, ಕವಿಚರಿತೆ ಬರೆದವರು. ಹುಟ್ಟಿದ ಊರನ್ನು ಬಿಟ್ಟು ರೈಸ್ ಇಂಗ್ಲೆಂಡಿನ ಹ್ಯಾರೋಗೆ ಹೋದರು. 1909ರಲ್ಲಿ ಶಾಸನಗಳ ಸಾರವನ್ನೆಲ್ಲ ಬಳಸಿ ಮೈಸೂರು ಕೊಡಗಿನ ಚರಿತ್ರೆ ಬರೆದರು. ವಯಸ್ಸು ಎಂಬತ್ತರ ಹತ್ತಿರವಿದ್ದಾಗ ಪೆನುಕೊಂಡದಲ್ಲಿ ಸಿಕ್ಕ ಗಂಗ ಮಾಧವನ ತಾಮ್ರಪಟವನ್ನು ಸಂಪಾದಿಸಿದರು. ಈ ಸಲ ಫ್ಲೀಟ್ ಇದು ಅಸಲಿ ಎಂದು ಒಪ್ಪಿಕೊಂಡರು. 1917ರಲ್ಲಿ ಫ್ಲೀಟ್ ತೀರಿಕೊಂಡರು. ರೈಸ್ ಇನ್ನೂ ಹತ್ತು ವರ್ಷ ಬದುಕಿ, 1927ರ ಜುಲೈ 10ರಂದು ಕಣ್ಣುಮುಚ್ಚಿದರು. ಇನ್ನೊಂದು ವಾರ ಕಳೆದಿದ್ದರೆ ತೊಂಬತ್ತು ತುಂಬುತ್ತಿತ್ತು.

ಅಮ್ಮನ ಊರು ಬಂಗಾರಪೇಟೆ ತಾಲ್ಲೂಕಿನದೇ. ಅಲ್ಲಿ ಕೆರೆ ಏರಿಯ ಕೆಳಗೆ ಒಂದು ವೀರಗಲ್ಲಿದೆ. ಕೈಯಲ್ಲಿ ಬಿಲ್ಲು, ಪಕ್ಕದಲ್ಲಿ ಎರಡು ದನ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನು ಇರಬೇಕು. ಊರಿನವರು ವೀರಪ್ಪ ಎಂದು ಕರೆದು ಎಣ್ಣೆ ಹಚ್ಚುತ್ತಾರೆ. ರಜೆಯ ಕೊನೆಯ ವಾರ ಸಂಪುಟದ ಬಿ.ಪಿ. ನಂಬರುಗಳನ್ನು ಒಂದೂ ಬಿಡದೆ ನೋಡಿದೆ, ಆ ಕಲ್ಲು ಇರಲಿಲ್ಲ. ಆಮೇಲೆ ಹೋಗಿ ನೀರು ಹಾಕಿ ತೊಳೆದು ಮೊಬೈಲ್ ಟಾರ್ಚನ್ನು ಅಡ್ಡಲಾಗಿ ಹಿಡಿದು ಹುಡುಕಿದೆ. ಅಕ್ಷರವೇ ಇಲ್ಲ. ಕೆತ್ತಿಸಲು ದುಡ್ಡಿರಲಿಲ್ಲವೋ, ಬರೆಯಬಲ್ಲವರು ಇರಲಿಲ್ಲವೋ. ರೈಸ್ ಬಂದಿದ್ದರೂ ಇಲ್ಲಿಂದ ಬರಿಗೈಯಲ್ಲೇ ಹೋಗುತ್ತಿದ್ದರು. ಇವನಿಗೊಂದು ಹೆಸರು ನಿನ್ನ ಕಂಪ್ಯೂಟರ್‌ನಲ್ಲೇ ತೆಗೆದುಬಿಡು ಎಂದ ಮಾವ. ನಿಮಿಷಕ್ಕೆ ಸಾವಿರ ತೆಗೆಯಬಹುದು. ನಾನು ತೆಗೆಯಲಿಲ್ಲ.

ಪ್ರೋಗ್ರಾಂ ಈಗ ಚೆನ್ನಾಗಿಯೇ ಓಡುತ್ತಿದೆ. ದೇಕಬ್ಬೆಯ ದೇ ಮತ್ತು ಕ, ಶಂಕರನ ರ, ಯಾವುದೋ ಅರಸನ ಸ ಹೆಕ್ಕಿ ದೇಕರಸ ಎಂದು ಕೊಟ್ಟಿತು. ಗೆಳೆಯ ಅವನನ್ನು ಕೋಟೆಯ ಕಾವಲುಗಾರ ಮಾಡಿದ್ದಾನೆ. ಆದರೆ ಆಗಾಗ ದಾಳ ಉರುಳುತ್ತ ಉರುಳುತ್ತ ಅದು ದೇಕಬ್ಬೆ ಎಂದೇ ಹೇಳಿಬಿಡುತ್ತದೆ. ಕಲಿತದ್ದನ್ನೇ ಒಪ್ಪಿಸುವುದು ಇಂಥ ಯಂತ್ರಗಳ ಹಳೆಯ ರೋಗ. ಅದಕ್ಕೆ ನಾಲ್ಕು ಸಾಲು ಹೊಸದಾಗಿ ಬರೆದಿದ್ದೇನೆ. ಹುಟ್ಟಿದ ಹೆಸರು ರೈಸ್ ಪಟ್ಟಿಯಲ್ಲಿದ್ದರೆ ಗೇಮಿಗೆ ಹೋಗುವುದಿಲ್ಲ. ಪರದೆಯ ಮೇಲೆ ಆ ಹೆಸರು ಬಂದು, ಪಕ್ಕದಲ್ಲಿ ಅದು ಯಾವ ತಾಲ್ಲೂಕಿನ ಯಾವ ಊರಿನ ಕಲ್ಲು ಎಂದು ತೋರಿಸುತ್ತದೆ. ಆಮೇಲೆ ದಾಳ ಮತ್ತೆ ಉರುಳುತ್ತದೆ.